ಅಂತರ್ಜಾಲದ ಸರದಿಯಲ್ಲಿ ಯಾರಿಗೆ ಆದ್ಯತೆ?

ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2011ರಲ್ಲಿ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಮಾರಾಟ ಇ-ಹರಾಜಿಗೆ ಒಳಪಟ್ಟಿತು. ಅಂದಿನಿಂದ ಸಂಡೂರು, ಹೊಸಪೇಟೆಗಳ ವ್ಯಾಪಾರಿಗಳಿಗೆ ಅಂತರ್ಜಾಲದಲ್ಲಿ ಕೆಲವೇ ಸೆಕೆಂಡುಗಳ ಬೆಲೆ ಏನೆಂದು ತಿಳಿದಿದೆ. 2022ರಲ್ಲಿ ನೇರ ಮಾರಾಟಕ್ಕೆ ಅನುಮತಿ ದೊರೆತರೂ ಇ-ವೇ ಬಿಲ್, ಬ್ಯಾಂಕ್ ಪಾವತಿ, ಹಂಪಿಯ ವಸತಿಗೃಹಗಳ ಕೊಠಡಿ ಕಾಯ್ದಿರಿಸುವಿಕೆ ಎಲ್ಲವೂ ಅಂತರ್ಜಾಲವನ್ನೇ ನೆಚ್ಚಿವೆ. ಹೆಚ್ಚು ವೇಗದ ಸಂಪರ್ಕಕ್ಕೆ ಹಣ ತೆತ್ತರೂ ಬೇಕಾದ ಹೊತ್ತಿಗೆ ಅದು ತಡವರಿಸುವುದೇಕೆ?

ತುಂಗಭದ್ರಾ ಕಾಲುವೆಗಳ ಕೊನೆಯ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ದಾರಿಯ ಪ್ರತಿ ರೂಟರಿನಲ್ಲೂ ಅವು ಸರದಿಯಲ್ಲಿ ನಿಲ್ಲುತ್ತವೆ. ಸರದಿ ಬೆಳೆದರೆ ವಿಳಂಬ, ತುಂಬಿ ತುಳುಕಿದರೆ ನಷ್ಟ.

ಇದಕ್ಕೆ ತಂತ್ರಜ್ಞರು ಎರಡು ಪರಿಹಾರಗಳನ್ನು ರೂಪಿಸಿದರು. 1994ರಲ್ಲಿ ವಿವರಿಸಲಾದ ಮೊದಲನೆಯದರಲ್ಲಿ ಪ್ರತಿಯೊಂದು ಸಂವಹನಕ್ಕೂ ದಾರಿಯುದ್ದಕ್ಕೂ ಪ್ರತ್ಯೇಕ ಪಾಲನ್ನು ಕಾಯ್ದಿರಿಸಲಾಗುತ್ತದೆ. ನೀರುಗಂಟಿಯು ಪ್ರತಿ ಗದ್ದೆಗೂ ಲೆಕ್ಕವಿಟ್ಟು ನೀರು ಬಿಟ್ಟಂತೆ. ಸಣ್ಣ ಜಾಲಕ್ಕೆ ಇದು ಸರಿ. ಲಕ್ಷಾಂತರ ಸಂವಹನಗಳು ಹಾಯುವ ಮುಖ್ಯ ರೂಟರಿಗೆ ಅಷ್ಟೊಂದು ಲೆಕ್ಕ ಇಡುವುದು ಅಸಾಧ್ಯವಾಯಿತು.

1998ರ ಎರಡನೆಯ ವಿಧಾನ ಸರಳ. ಜಾಲದ ಅಂಚಿನಲ್ಲೇ ಪ್ಯಾಕೆಟ್ಟಿಗೆ ಆರು ಬಿಟ್‌ಗಳ ಗುರುತು ಹಾಕಲಾಗುತ್ತದೆ. ಒಟ್ಟು 64 ಗುರುತುಗಳು ಸಾಧ್ಯ. ಧ್ವನಿ ಕರೆಗೆ ಸಾಮಾನ್ಯವಾಗಿ 46ನೆಯದು. ಒಳಗಿನ ರೂಟರುಗಳು ಕಳುಹಿಸಿದವರು ಯಾರೆಂದು ನೋಡದೆ ಗುರುತನ್ನಷ್ಟೇ ನೋಡಿ ದಾರಿ ಬಿಡುತ್ತವೆ. ಆದರೆ ಇಲ್ಲಿ ಆದ್ಯತೆ ವರ್ಗಕ್ಕೆ, ವ್ಯಕ್ತಿಗಲ್ಲ. ಎಲ್ಲರೂ ತಮ್ಮದನ್ನು ತುರ್ತು ಎಂದು ಗುರುತಿಸಿದರೆ ತುರ್ತಿನ ಸರದಿಯೇ ಉದ್ದವಾಗುತ್ತದೆ. ಆದ್ದರಿಂದಲೇ ಆ ವರ್ಗದೊಳಕ್ಕೆ ಎಷ್ಟು ಬಿಡಬೇಕೆಂಬುದಕ್ಕೆ ಅಂಚಿನಲ್ಲಿ ಮಿತಿ ಹಾಕುತ್ತಾರೆ. ಟ್ರಾಯ್ 2006ರಲ್ಲಿ ವಿಧಿಸಿದ ಮಾನದಂಡವೂ ಒಟ್ಟಾರೆ ಲೆಕ್ಕದ್ದೇ: ದಟ್ಟಣೆಯ ಹೊತ್ತಿನಲ್ಲಿ ಸಂಪರ್ಕಮಾರ್ಗದ ಬಳಕೆ ಶೇ. 80ನ್ನು ಮೀರಬಾರದು. ಅಂಥ ಸರಾಸರಿ ಲೆಕ್ಕದಲ್ಲಿ ಒಬ್ಬ ಗ್ರಾಹಕನ ಹರಾಜಿನ ಗಳಿಗೆ ಕಾಣಿಸದು.

ಸಾರ್ವಜನಿಕ ಅಂತರ್ಜಾಲದಲ್ಲಿ ಒಂದು ಸಂಸ್ಥೆಯ ಗುರುತನ್ನು ಮತ್ತೊಂದು ಸಂಸ್ಥೆ ಸಾಮಾನ್ಯವಾಗಿ ಮನ್ನಿಸುವುದಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಗೂ ಅದರ ಹೊಸಪೇಟೆ ಕಚೇರಿಗೂ ನಡುವೆ ಒಪ್ಪಂದದ ಮೇಲೆ ಪಡೆದ ಖಾಸಗಿ ಸಂಪರ್ಕವಿದ್ದರೆ ಮಾತ್ರ ಅದಕ್ಕೆ ಬೆಲೆ. ಉಳಿದವರ ಕೈಯಲ್ಲಿರುವುದು ತಮ್ಮದೇ ರೂಟರು. ಸಿಸಿಟಿವಿ ಚಿತ್ರಗಳು ಹೊರಗೆ ಹೋಗುವ ವೇಗಕ್ಕೆ ಮಿತಿ ಹಾಕಿ, ಹರಾಜಿನ ಅಥವಾ ಪಾವತಿಯ ಕಂಪ್ಯೂಟರಿಗೆ ಮೊದಲ ಸರದಿ ಕೊಡಬಹುದು. ರೂಟರಿನ ಒಟ್ಟು ಹೊರಹರಿವನ್ನು ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಿಮೆಯೇ ಇಡಬೇಕು. ಇಲ್ಲವಾದರೆ ಸರದಿಯು ಸೇವಾ ಸಂಸ್ಥೆಯ ಉಪಕರಣದಲ್ಲಿ ನಿಲ್ಲುತ್ತದೆ, ಅಲ್ಲಿ ವ್ಯಾಪಾರಿಯ ಮಾತು ನಡೆಯುವುದಿಲ್ಲ.