ಬೆನ್ನುಹುರಿಯ ಗಾಯವೂ ಮೂತ್ರಾಶಯದ ವ್ಯಾಪಾರವೂ

ಮರದಿಂದಲೋ ಮಾಳಿಗೆಯಿಂದಲೋ ಬಿದ್ದು, ಇಲ್ಲವೆ ರಸ್ತೆಯ ಅಪಘಾತದಲ್ಲಿ ಸಿಕ್ಕಿ ಬೆನ್ನುಹುರಿಗೆ ಪೆಟ್ಟಾದವನ ಮನೆಯವರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ಇವನು ಮತ್ತೆ ನಡೆದಾಡುವನೇ? ಪ್ರಶ್ನೆ ಸಹಜವಾದುದು. ಆದರೆ ಇಂಥವನು ಎಷ್ಟು ವರ್ಷ ಬದುಕುವನು, ಹೇಗೆ ಬದುಕುವನು ಎಂಬುದನ್ನು ನಿರ್ಧರಿಸುವಲ್ಲಿ ಕಾಲುಗಳಿಗಿಂತ ಮೂತ್ರಾಶಯದ ಪಾತ್ರ ದೊಡ್ಡದು. ಸಂಕೋಚದ ಕಾರಣದಿಂದ ಈ ವಿಷಯವನ್ನು ಕುರಿತು ಮಾತೇ ನಡೆಯುವುದಿಲ್ಲ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳಂಥ ಬಿಸಿಲುನಾಡಿನ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಅದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ವಸ್ಥ ದೇಹದ ವ್ಯವಸ್ಥೆಯನ್ನು ನೋಡೋಣ. ಮೂತ್ರಪಿಂಡಗಳಿಂದ ಹನಿಹನಿಯಾಗಿ ಇಳಿಯುವ ಮೂತ್ರವನ್ನು ಮೂತ್ರಾಶಯವು ಸಂಗ್ರಹಿಸುತ್ತದೆ. ವಯಸ್ಕರಲ್ಲಿ ಅದು ಸುಮಾರು 400ರಿಂದ 500 ಮಿ.ಲೀ. ಹಿಡಿಯಬಲ್ಲುದು. ತುಂಬುವಾಗ ಅದರ ಗೋಡೆಯ ಸ್ನಾಯು ಸಡಿಲವಾಗಿಯೂ ಬಾಯಿಯ ಬಿಗಿಸ್ನಾಯು ಬಿಗಿಯಾಗಿಯೂ ಇರುತ್ತವೆ. ವಿಸರ್ಜನೆಯಲ್ಲಿ ಇವೆರಡೂ ಅದಲುಬದಲಾಗುತ್ತವೆ. ಬೆನ್ನುಹುರಿಯ ಕೆಳತುದಿಯಲ್ಲಿರುವ ತ್ರಿಕಭಾಗದ ಎರಡನೆಯದರಿಂದ ನಾಲ್ಕನೆಯ ನರಖಂಡಗಳವರೆಗೆ ಈ ಕ್ರಿಯೆಯ ಸ್ಥಳೀಯ ಕೇಂದ್ರವಿದೆ. ಆದರೆ ಒಂದು ಸ್ನಾಯು ಹಿಂಡುವಾಗ ಇನ್ನೊಂದು ಸಡಿಲಗೊಳ್ಳಬೇಕೆಂಬ ಹೊಂದಾಣಿಕೆಯ ಆಜ್ಞೆ ಬರುವುದು ಮಿದುಳಿನ ಕಾಂಡದಿಂದ. ಸಮಯಾಸಮಯದ ವಿವೇಕವನ್ನು ಸೇರಿಸುವುದು ಮೇಲಿನ ಮಿದುಳು. ಈ ಸಂದೇಶಗಳೆಲ್ಲ ಬೆನ್ನುಹುರಿಯ ಮಾರ್ಗವಾಗಿಯೇ ಸಾಗಬೇಕು.

ಹುರಿಗೆ ತೀವ್ರವಾದ ಗಾಯವಾದೊಡನೆ ಸಾಮಾನ್ಯವಾಗಿ ಕೆಲವು ವಾರಗಳ ಕಾಲ ಮೂತ್ರಾಶಯ ಸ್ತಬ್ಧವಾಗಿರುತ್ತದೆ. ಆಮೇಲಿನ ಸ್ಥಿತಿ ಗಾಯದ ಎತ್ತರವನ್ನು ಅವಲಂಬಿಸಿದೆ. ತ್ರಿಕಕೇಂದ್ರವಾಗಲಿ ಅದರಿಂದ ಹೊರಡುವ ನರಗಳಾಗಲಿ ಕೆಟ್ಟಿದ್ದರೆ ಮೂತ್ರಾಶಯ ಹಿಂಡುವ ಶಕ್ತಿಯನ್ನೇ ಕಳೆದುಕೊಂಡು, ಜೋಲುಬಿದ್ದ ಚೀಲದಂತೆ ತುಂಬಿ ತುಳುಕುತ್ತದೆ. ಗಾಯ ಅದಕ್ಕಿಂತ ಮೇಲಿದ್ದರೆ ಕೇಂದ್ರವು ಮರಳಿ ಎಚ್ಚೆತ್ತು, ಯಜಮಾನನಿಲ್ಲದ ಮನೆಯಂತೆ ತಾನೇ ತಾನಾಗಿ ವರ್ತಿಸತೊಡಗುತ್ತದೆ. ಮೂತ್ರಾಶಯ ಹಿಂಡುತ್ತಿರುವಾಗಲೇ ಬಿಗಿಸ್ನಾಯುವೂ ಬಿಗಿಯುತ್ತದೆ. ಒಳಗಿನ ಒತ್ತಡ ಏರಿ ಮೂತ್ರಪಿಂಡಗಳನ್ನು ಬಾಧಿಸುತ್ತದೆ. ಹೊರಗೆ ಕಾಣುವುದು ಬಟ್ಟೆ ಒದ್ದೆಯಾಗುವ ತೊಂದರೆ ಮಾತ್ರ. ಒಳಗೆ ಮೂತ್ರಪಿಂಡ ಸದ್ದಿಲ್ಲದೆ ಸವೆಯುತ್ತಿರುತ್ತದೆ. ನೋವು ತಿಳಿಸಬೇಕಾದ ನರಮಾರ್ಗವೇ ತುಂಡಾಗಿರುವುದರಿಂದ ರೋಗಿಗೆ ಇದರ ಸುಳಿವು ಸಿಕ್ಕದಿರಬಹುದು.

ಈ ಅಪಾಯದ ಅರಿವು ಪುರಾತನವಾದುದು. ಕುತ್ತಿಗೆಯ ಮೂಳೆ ಜಾರಿ, ಕೈಕಾಲುಗಳ ಅರಿವು ಹೋಗಿ, ಮೂತ್ರ ಸೋರುತ್ತಿರುವ ರೋಗಿಯನ್ನು ಈಜಿಪ್ಟಿನ ಪ್ರಾಚೀನ ವೈದ್ಯಲೇಖವೊಂದು ಚಿಕಿತ್ಸೆಗೆ ನಿಲುಕದವರ ಸಾಲಿಗೆ ಸೇರಿಸಿದೆ. ಮೊದಲ ಮಹಾಯುದ್ಧದಲ್ಲಿಯೂ ಇಂಥ ಸೈನಿಕರಲ್ಲಿ ಬಹುಮಂದಿ ಮೂತ್ರದ ಸೋಂಕಿನಿಂದಲೂ ಹಾಸಿಗೆ ಹುಣ್ಣಿನಿಂದಲೂ ಮಡಿದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಆರಂಭಿಸಿದ ಕೇಂದ್ರ ಈ ನಿರಾಶೆಯನ್ನು ಮುರಿಯಿತು. ಕ್ಯಾಥೆಟರನ್ನು ಸದಾ ಒಳಗೇ ಇರಿಸದೆ, ನಿಗದಿತ ಹೊತ್ತಿಗೆ ತೂರಿಸಿ, ಮೂತ್ರವನ್ನು ಬರಿದುಮಾಡಿ, ತೆಗೆದುಬಿಡುವ ಕ್ರಮವನ್ನು ಅವರು ಕಟ್ಟುನಿಟ್ಟಾದ ಕ್ರಿಮಿಶುದ್ಧಿಯಿಂದ ಆಚರಣೆಗೆ ತಂದರು. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೂತ್ರಾಶಯ ಮಿತಿಮೀರಿ ಹಿಗ್ಗಿದರೆ ಅದರ ಗೋಡೆಯ ರಕ್ತಸಂಚಾರ ಕುಗ್ಗಿ ಸೋಂಕಿಗೆ ಎಡೆಯಾಗುತ್ತದೆ. ಆದುದರಿಂದ ಪೂರ್ಣ ಕ್ರಿಮಿಶುದ್ಧಿಗಿಂತಲೂ ವೇಳೆಗೆ ಸರಿಯಾಗಿ ಬರಿದುಮಾಡುವುದೇ ಮುಖ್ಯವೆಂಬುದು ಅವರ ವಾದ. ಸಾಬೂನಿನಿಂದ ತೊಳೆದ ಕೈ ಮತ್ತು ಶುಭ್ರವಾದ ಕ್ಯಾಥೆಟರ್ ಇದ್ದರೆ ರೋಗಿಯು ಮನೆಯಲ್ಲಿ ತಾನೇ ಇದನ್ನು ಮಾಡಿಕೊಳ್ಳಬಹುದೆಂದಾಯಿತು. ಬಡವನ ಮನೆಗೂ ನಿಲುಕುವ ಚಿಕಿತ್ಸೆ ಹುಟ್ಟಿದ್ದು ಹೀಗೆ.

ಇದರ ಲೆಕ್ಕ ಸರಳವಾಗಿದೆ. ದಿನಕ್ಕೆ 1,600 ಮಿ.ಲೀ. ಮೂತ್ರ ಉತ್ಪನ್ನವಾಗುವುದಾದರೆ, ಒಮ್ಮೆಗೆ 400 ಮಿ.ಲೀ. ಮೀರದಂತೆ ನಾಲ್ಕು ಬಾರಿ, ಎಂದರೆ ಆರು ಗಂಟೆಗೊಮ್ಮೆ ಬರಿದುಮಾಡಬೇಕು, 2,000 ಮಿ.ಲೀ. ಆದರೆ ಐದು ಬಾರಿ. ಕುಡಿಯುವ ನೀರನ್ನೂ ಹೊರಬಂದ ಮೂತ್ರವನ್ನೂ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ವೇಳಾಪಟ್ಟಿ ತಾನಾಗಿ ಹೊಂದಿಕೊಳ್ಳುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ನಮ್ಮ ಜಿಲ್ಲೆಯಲ್ಲಿ ಬೆವರಿಗೆ ಹೋಗುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒದ್ದೆಯಾಗುವ ನಾಚಿಕೆಗೆ ಅಂಜಿ ನೀರನ್ನೇ ಬಿಡುವುದು ಇಂಥವರು ಸುಲಭವಾಗಿ ಬೀಳುವ ತಪ್ಪುದಾರಿ. ಹಾಗೆ ಮಾಡಿದರೆ ಮೂತ್ರ ಮಂದವಾಗುತ್ತದೆ; ಚಲನೆಯಿಲ್ಲದ ಮೂಳೆಗಳಿಂದ ಕರಗಿ ಬರುವ ಸುಣ್ಣದ ಅಂಶವೂ ಅದಕ್ಕೆ ಸೇರಿ ಕಲ್ಲುಗಳು ಕಟ್ಟುತ್ತವೆ. ನೀರನ್ನು ಕಡಿಮೆಮಾಡುವುದು ಮಾರ್ಗವಲ್ಲ; ದಿನವಿಡೀ ಹಂಚಿ ಕುಡಿಯುವುದು ಮಾರ್ಗ.

ಪುನಶ್ಚೇತನ ಚಿಕಿತ್ಸೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ನೇರವಾಗಿದೆ. ಆಸರೆಯಿಲ್ಲದೆ ಕುಳಿತುಕೊಳ್ಳುವ ಸಮತೋಲ, ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿಯುವ ತೋಳ್ಬಲ, ಬಟ್ಟೆ ಸಡಿಲಿಸುವ ಬೆರಳಿನ ಚಾತುರ್ಯ, ಇವಿಲ್ಲದೆ ಕ್ಯಾಥೆಟರಿನ ಸ್ವಾವಲಂಬನೆ ಸಾಧ್ಯವಿಲ್ಲ. ಮಹಿಳೆಯರಿಗೆ ಮೊದಮೊದಲು ಕನ್ನಡಿಯ ನೆರವು ಬೇಕಾಗುತ್ತದೆ. ಗಾಯ ಅಪೂರ್ಣವಾಗಿದ್ದು ಸ್ವಲ್ಪ ಅರಿವು ಉಳಿದಿದ್ದರೆ, ಕಟಿತಳದ ಸ್ನಾಯುಗಳ ವ್ಯಾಯಾಮದಿಂದಲೂ ಪ್ರಯೋಜನವುಂಟು. ಹೊಟ್ಟೆಯನ್ನು ಒತ್ತಿ ಮೂತ್ರ ಹೊರಡಿಸುವ ಹಳೆಯ ರೂಢಿಯನ್ನು ಮಾತ್ರ ಈಗ ಸಾಮಾನ್ಯವಾಗಿ ಪ್ರೋತ್ಸಾಹಿಸುವುದಿಲ್ಲ. ಬಾಗಿಲು ಮುಚ್ಚಿದ್ದಾಗ ಒತ್ತಿದರೆ ಮೂತ್ರ ಮೇಲಕ್ಕೆ ಚಿಮ್ಮುತ್ತದೆ. ಮೂತ್ರಾಶಯದ ಸೆಳೆತವನ್ನು ತಗ್ಗಿಸುವ ಔಷಧಗಳಿವೆ. ಮೂತ್ರಪಿಂಡಗಳನ್ನು ಅಲ್ಟ್ರಾಸೌಂಡಿನಿಂದ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಎದೆಭಾಗದ ಆರನೆಯ ನರಖಂಡದಲ್ಲಿ ಅಥವಾ ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಮೂತ್ರಾಶಯ ಉಬ್ಬಿದರೆ ರಕ್ತದೊತ್ತಡ ಹಠಾತ್ತಾಗಿ ಏರಿ, ತಲೆ ಸಿಡಿದಂತಾಗಿ, ಮುಖ ಕೆಂಪಡರಿ ಬೆವರುವುದುಂಟು. ಇದು ಪ್ರಾಣಾಂತಿಕವಾಗಬಲ್ಲುದು. ರೋಗಿಯನ್ನು ಕೂಡಲೆ ಎಬ್ಬಿಸಿ ಕೂರಿಸಬೇಕು. ಬಿಗಿಯಾದ ಬಟ್ಟೆ ಸಡಿಲಿಸಿ ಮೂತ್ರವನ್ನು ಬರಿದುಮಾಡಬೇಕು. ಒಳಗೇ ಇರಿಸಿದ ಕ್ಯಾಥೆಟರ್ ಇದ್ದರೆ ಅದು ಮಡಚಿದೆಯೇ, ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಆದರೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ದಕ್ಷಿಣ ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಒದಗಿಸಿದವರಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಸ್ಮರಣೀಯರು. 1954ರ ಅಪಘಾತದಲ್ಲಿ ತಾವೇ ಬೆನ್ನುಹುರಿಯ ಗಾಯಕ್ಕೆ ಒಳಗಾದ ಈ ವೈದ್ಯೆ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಸಂಸ್ಥೆ ತೆರೆಯಲು ಕಾರಣರಾದರು. ವಿಜಯಪುರದಲ್ಲಿಯೂ 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪಿತವಾಯಿತು. ಆದರೆ ಆಸ್ಪತ್ರೆಯ ಕಾಲ ಅಲ್ಪ, ಮನೆಯ ಕಾಲ ದೀರ್ಘ. ತಿಕೋಟೆಯ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಿದ್ದವನಾಗಲಿ, ಬಬಲೇಶ್ವರದ ಹೊಲದಲ್ಲಿ ದುಡಿಯುತ್ತಿದ್ದವಳಾಗಲಿ ಊರಿಗೆ ಮರಳಿದ ಮೇಲೆ ಬೇಕಾಗುವುದು ಗಾಲಿಕುರ್ಚಿ ಹೊಗುವಷ್ಟು ಅಗಲದ ಬಾಗಿಲಿನ ಶೌಚಗೃಹ, ಕೈತೊಳೆಯಲು ನೀರು, ತಪ್ಪದೆ ದೊರೆಯುವ ಕ್ಯಾಥೆಟರು, ಮತ್ತು ಹೀಯಾಳಿಸದ ನೆರೆಹೊರೆ.

ಕೊನೆಯದನ್ನು ಯಾವ ಔಷಧಾಲಯವೂ ಒದಗಿಸಲಾರದು. ಅದನ್ನು ಒದಗಿಸಬಲ್ಲುದು ಶಿಕ್ಷಣ. ಇಂಥ ವಿದ್ಯಾರ್ಥಿಯೊಬ್ಬನು ಕಾಲೇಜಿಗೆ ಬಂದಾಗ ನೆಲಮಟ್ಟದ ತರಗತಿಯನ್ನೂ ಬಳಸಬಲ್ಲ ಶೌಚಗೃಹವನ್ನೂ ವೇಳೆಗೆ ಸರಿಯಾಗಿ ಎದ್ದುಹೋಗುವ ಸ್ವಾತಂತ್ರ್ಯವನ್ನೂ ಕಲ್ಪಿಸುವುದು ದಯೆಯಲ್ಲ. ಅವನ ಮೂತ್ರಪಿಂಡಗಳನ್ನು ಉಳಿಸುವ ಚಿಕಿತ್ಸೆಯ ಒಂದು ಭಾಗವೇ ಆಗಿದೆ.