ಅತ್ತಿಗೆಯವರು ಮುಚ್ಚಿಟ್ಟ ಕಾದಂಬರಿ

ಕಟ್ಟಾಯದ ನಮ್ಮ ಮನೆಗೆ ಹೊಸ ಕಾದಂಬರಿಯೊಂದು ಬಂದರೆ ಅದನ್ನು ಎಲ್ಲರಿಗಿಂತ ಮೊದಲು ಓದುವ ಹಕ್ಕು ನಮ್ಮ ಅತ್ತಿಗೆಯವರದು. ಈ ಹಕ್ಕನ್ನು ಅವರಿಗೆ ಯಾರೂ ಬರೆದುಕೊಟ್ಟಿಲ್ಲ. ಆದರೂ ಅವರ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುವ ಧೈರ್ಯ ಇದುವರೆಗೆ ಮನೆಯಲ್ಲಿ ಯಾರಿಗೂ ಬಂದುದಿಲ್ಲ. ಹಗಲೆಲ್ಲ ಶಾಲೆಯ ಮಕ್ಕಳೊಡನೆ ಹೆಣಗಾಡಿ, ಸಂಜೆಯ ಅಡಿಗೆ ಊಟಗಳನ್ನು ಪೂರೈಸಿ, ಪಡಸಾಲೆಯ ಕಂಬಕ್ಕೆ ಒರಗಿ ಅವರು ಪುಸ್ತಕವನ್ನು ತೆರೆದರೆಂದರೆ, ಒಲೆಯ ಮೇಲಿನ ಹಾಲು ಉಕ್ಕಿದರೂ ಅವರಿಗೆ ತಿಳಿಯುವುದಿಲ್ಲ.

ಕಳೆದ ದೀಪಾವಳಿಗೆ ಒಂದು ವಾರ ಮುಂಚೆ ಅವರ ಮಗನು ಹಾಸನದಿಂದ ಬರುವಾಗ ಒಂದು ಹೊಸ ಪುಸ್ತಕವನ್ನು ತಂದನು. ಅತ್ತಿಗೆಯವರು ಮೂವತ್ತು ವರ್ಷಗಳಿಂದ ಬಿಡದೆ ಓದಿಕೊಂಡು ಬಂದಿರುವ ಲೇಖಕಿಯೊಬ್ಬರ ಕಾದಂಬರಿ ಅದು. ಆ ಲೇಖಕಿಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಮನೆಯೊಳಗಿನ ದೂರನ್ನು ಪತ್ರಿಕೆಯಲ್ಲಿ ಹೆಸರು ಹಿಡಿದು ಸಾರುವುದು ಸಲ್ಲದೆಂದು ನನ್ನ ಭಾವನೆ. ಅತ್ತಿಗೆಯವರು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದರು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಪುಸ್ತಕವು ಗೋಡೆಯ ಗೂಡಿನಲ್ಲಿ ಹಳೆಯ ಪಂಚಾಂಗಗಳ ಅಡಿಯಲ್ಲಿ ಬಿದ್ದಿತ್ತು.

“ಹೇಗಿದೆ ಅತ್ತಿಗೆ?” ಎಂದು ಕೇಳಿದೆನು.

“ನೀನು ಓದಬೇಡಮ್ಮ” ಎಂದರು. ಅಷ್ಟೇ ಹೇಳಿ ಬಾವಿಯ ಕಡೆಗೆ ಹೊರಟುಹೋದರು.

ಮೆಚ್ಚಿನ ಲೇಖಕರ ಹೊಸ ಪುಸ್ತಕವು ನಿರಾಶೆಗೊಳಿಸುವುದು ಅಪೂರ್ವವಾದ ಸಂಗತಿಯೇನೂ ಅಲ್ಲ. ಓದುವ ಅಭ್ಯಾಸವುಳ್ಳ ಯಾವ ಮನೆಯಲ್ಲಿಯೂ ಅದು ಒಂದಲ್ಲ ಒಂದು ಸಲ ಆಗಿಯೇ ಇರುತ್ತದೆ. ಆದರೆ ಅತ್ತಿಗೆಯವರ ಮೌನದಲ್ಲಿ ನಿರಾಶೆಗಿಂತ ಹೆಚ್ಚಿನದೇನೋ ಇತ್ತು. ಅದನ್ನು ಅರಿಯಬೇಕಾದರೆ ಇಪ್ಪತ್ತೆಂಟು ವರ್ಷಗಳ ಹಿಂದಿನ ಮಾತನ್ನು ಹೇಳಬೇಕಾಗುತ್ತದೆ.

ನಮ್ಮ ಅಣ್ಣನು ತೀರಿಕೊಂಡಾಗ ಅತ್ತಿಗೆಯವರಿಗೆ ಇಪ್ಪತ್ತಾರು ವರ್ಷ, ಕಂಕುಳಲ್ಲಿ ಮಗು. ತವರಿನವರು ಕರೆದುಕೊಂಡು ಹೋಗಲು ಬಂದರು. ನಮ್ಮವರು ಇಲ್ಲಿಯೇ ಇರಲಿ ಎಂದರು. ಇವರ ಇಚ್ಛೆಯೇನೆಂದು ಎರಡು ಕಡೆಯವರೂ ಕೇಳಲಿಲ್ಲ. ಆ ದಿನಗಳಲ್ಲಿ ಅವರ ಕೈಗೆ ಈ ಲೇಖಕಿಯ ಮೊದಮೊದಲಿನ ಕಾದಂಬರಿಯೊಂದು ಸಿಕ್ಕಿತು. ಅದರಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಮನೆಯವರ ವಿರೋಧವನ್ನು ಎದುರಿಸಿ ಓದು ಮುಂದುವರಿಸುತ್ತಾಳೆ, ಉಪಾಧ್ಯಾಯಿನಿಯಾಗುತ್ತಾಳೆ, ಕೊನೆಗೆ ತನ್ನನ್ನು ಗೌರವದಿಂದ ಕಾಣುವವನೊಬ್ಬನನ್ನು ಮೆಚ್ಚುತ್ತಾಳೆ. ನಮ್ಮ ಅತ್ತಿಗೆಯವರ ಬಾಳಿನಲ್ಲಿ ಕಡೆಯ ಭಾಗವು ನಡೆಯಲಿಲ್ಲ. ಮೊದಲಿನ ಎರಡು ನಡೆದವು. ಅವರು ಹಾಸನಕ್ಕೆ ಹೋಗಿ ಶಿಕ್ಷಕಿಯರ ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪ್ರಾಥಮಿಕ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಪುಸ್ತಕವೊಂದರಿಂದ ಇಷ್ಟೆಲ್ಲ ಆಯಿತೆಂದು ನಾನು ಹೇಳಲಾರೆ. ಆದರೆ ಆ ಪುಸ್ತಕವು ಅವರ ಟ್ರಂಕಿನಲ್ಲಿ ಸೀರೆಗಳ ನಡುವೆ ಇತ್ತೆಂಬುದನ್ನು ನಾನೇ ಕಂಡಿದ್ದೇನೆ.

ಹೊಸ ಕಾದಂಬರಿಯಲ್ಲಿಯೂ ಅಂತಹವಳೇ ಒಬ್ಬ ನಾಯಿಕೆ. ಈ ಸಲ ಅವಳು ವಯಸ್ಸಾದ ಮೇಲೆ ಹಿಂದಿರುಗಿ ನೋಡಿ, ಹೊಸಿಲು ದಾಟಿದ್ದೇ ತಪ್ಪಾಯಿತೆಂದು ಅಳುತ್ತಾಳೆ; ಮನೆಯಲ್ಲಿಯೇ ಉಳಿದ ಓರಗಿತ್ತಿಯ ಕಾಲಿಗೆ ಬೀಳುತ್ತಾಳೆ. (ಅತ್ತಿಗೆಯವರು ಬೇಡವೆಂದರೂ ನಾನು ಕದ್ದು ಓದಿದೆನು, ವಾಚಕರು ಕ್ಷಮಿಸಬೇಕು.) ಬರಹವು ಸೊಗಸಾಗಿಯೇ ಇದೆ. ಆ ಕೈಗೆ ಬರಹ ಮರೆತಿಲ್ಲ. ನೋವು ಇರುವುದೂ ಅಲ್ಲಿಯೇ.

ಓದುಗರಿಗೂ ಲೇಖಕರಿಗೂ ನಡುವೆ ಬರುವ ಮನಸ್ತಾಪವು ನಮ್ಮ ಸೀಮೆಯವರಿಗೆ ಹೊಸದಲ್ಲ. ಹಾಸನ ಜಿಲ್ಲೆಯ ಅರಕಲಗೂಡನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಧರಿಸಿದ್ದ ಅ. ನ. ಕೃಷ್ಣರಾಯರ ಸಂಗತಿಯನ್ನೇ ನೋಡಬಹುದು. 1908ರಲ್ಲಿ ಕೋಲಾರದಲ್ಲಿ ಹುಟ್ಟಿದ ಈ ಮಹನೀಯರು ಲೇಖನಿಯಿಂದಲೇ ಜೀವನ ನಡೆಸುವುದು ಕನ್ನಡದಲ್ಲಿ ದುಸ್ಸಾಧ್ಯವಾಗಿದ್ದ ಕಾಲದಲ್ಲಿ ಹಾಗೆ ನಡೆಸಿ ತೋರಿಸಿದವರು. ಅವರಿಗಿಂತ ಮುಂಚೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿಗಳನ್ನು ತಂದು ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದ್ದರು. ಉತ್ತರದಲ್ಲಿ ಗಳಗನಾಥರು ಅದೇ ಕಾರ್ಯವನ್ನು ಮಾಡಿದ್ದರು. ಆದರೆ ಓದುಗರ ಬಳಗವನ್ನು ಮನೆಮನೆಗೂ ಹಬ್ಬಿಸಿದವರಲ್ಲಿ ಅ. ನ. ಕೃ. ಅವರು ಅಗ್ರಗಣ್ಯರು. ಗಾಯಕನ ಬಾಳನ್ನು ಕುರಿತ ‘ಸಂಧ್ಯಾರಾಗ’, ಚಿತ್ರಕಾರನನ್ನು ಕುರಿತ ‘ಉದಯರಾಗ’, ನಾಟಕದ ನಟನನ್ನು ಕುರಿತ ‘ನಟಸಾರ್ವಭೌಮ’ ಇವುಗಳನ್ನು ಓದಿದವರು ಕಲಾವಿದನ ಕಷ್ಟಸುಖಗಳನ್ನೂ ಅವನನ್ನು ಪ್ರೀತಿಸಿದ ಹೆಣ್ಣಿನ ಕಷ್ಟಸುಖಗಳನ್ನೂ ತಮ್ಮ ಮನೆಯವೇ ಎಂಬಂತೆ ಭಾವಿಸಿದರು. ‘ಸಂಧ್ಯಾರಾಗ’ವು 1966ರಲ್ಲಿ ಚಲನಚಿತ್ರವಾಗಿ ಬಂದಾಗ ಭೀಮಸೇನ ಜೋಶಿಯವರ ಕಂಠವನ್ನು ಕೇಳಲೆಂದೇ ಹೋದವರುಂಟು; ಅದು ಹಾಗಿರಲಿ.

ಇಂತಹ ಲೇಖಕರು 1950ರ ಆಸುಪಾಸಿನಲ್ಲಿ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳನ್ನು ಹೊರತಂದರು. ಅವುಗಳ ವಸ್ತು ವೇಶ್ಯಾಜೀವನ. ಒಡನೆಯೇ ಅಶ್ಲೀಲವೆಂಬ ಕೂಗು ಎದ್ದಿತು. ನಿನ್ನೆಯವರೆಗೆ ಅವರ ಪುಸ್ತಕವನ್ನು ಮಗಳಿಗೆ ತಾನೇ ತಂದುಕೊಡುತ್ತಿದ್ದ ಗೃಹಸ್ಥನು ಇಂದು ಮುಖಪುಟವನ್ನು ಕಂಡೇ ಹಿಂಜರಿಯಬೇಕಾದ ಪ್ರಸಂಗ ಬಂದಿತು. ಕೃಷ್ಣರಾಯರು ಸುಮ್ಮನಿರುವ ಸ್ವಭಾವದವರಲ್ಲ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು.

ಈ ಜಗಳದಲ್ಲಿ ನ್ಯಾಯ ಯಾರ ಕಡೆಗಿತ್ತು? ನನಗೆ ತೋರುವ ಮಟ್ಟಿಗೆ ಹೇಳುವುದಾದರೆ, ಆ ಕಾದಂಬರಿಗಳಲ್ಲಿ ಅಲ್ಲಲ್ಲಿ ಕಥೆ ನಿಂತು ಭಾಷಣ ಆರಂಭವಾಗುತ್ತದೆಂಬುದು ನಿಜ. ಆದರೆ ಓದುಗರು ಸಿಟ್ಟಾದುದು ಭಾಷಣಕ್ಕಾಗಿ ಅಲ್ಲ. ಲೇಖಕರು ಅವರನ್ನು ತಾವು ಹೋಗಲು ಒಲ್ಲದ ಬೀದಿಗೆ ಕರೆದುಕೊಂಡು ಹೋದರು. ಆ ಬೀದಿಯೂ ನಿಮ್ಮ ಊರಿನದೇ ಎಂದರು. ಅಂತಹ ಸಿಟ್ಟಿಗೆ ಆಯುಷ್ಯ ಕಡಿಮೆ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1960ರಲ್ಲಿ, ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಬಂಗಾಳದಲ್ಲಿಯೂ ಹೀಗೆಯೇ. ಶರಚ್ಚಂದ್ರರ ‘ಚರಿತ್ರಹೀನ’ವು 1917ರಲ್ಲಿ ಪುಸ್ತಕವಾಗಿ ಬಂದಾಗ, ಊಟದ ಮೆಸ್ಸಿನ ದಾಸಿಯೊಬ್ಬಳನ್ನು ಪ್ರೇಮಕಥೆಯ ನಾಯಿಕೆಯನ್ನಾಗಿ ಮಾಡಿದರೆಂದು ಮೂಗು ಮುರಿದವರ ಮಕ್ಕಳೇ ಮುಂದೆ ಅದನ್ನು ಕಣ್ಣೀರಿಟ್ಟು ಓದಿದರು.

ಕೃಷ್ಣರಾಯರ ಮೇಲೆ ಇನ್ನೊಂದು ದೂರು ಇತ್ತು. ಅದು ಇಷ್ಟು ಸುಲಭವಾಗಿ ತೀರುವಂಥದಲ್ಲ. ಅವರ ಮೊದಲ ಕಾದಂಬರಿ ‘ಜೀವನಯಾತ್ರೆ’ ಬಂದುದು 1934ರಲ್ಲಿ. ಅವರು ತೀರಿಕೊಂಡುದು 1971ರಲ್ಲಿ. ಈ 37 ವರ್ಷಗಳಲ್ಲಿ ನೂರಕ್ಕೂ ಮಿಕ್ಕಿ ಕಾದಂಬರಿಗಳು. ಲೆಕ್ಕ ಹಾಕಿದರೆ ವರ್ಷಕ್ಕೆ ಮೂರರಂತೆ ಬೀಳುತ್ತವೆ. ನಾಟಕ, ವಿಮರ್ಶೆ, ಜೀವನಚರಿತ್ರೆಗಳು ಬೇರೆ. ಇಷ್ಟನ್ನು ಬರೆಯುವ ಕೈಯಿಂದ ಪ್ರತಿಸಲವೂ ‘ಸಂಧ್ಯಾರಾಗ’ವೇ ಬರಬೇಕೆಂದರೆ ಹೇಗೆ ಸಾಧ್ಯ? ಕಥೆಯ ತಿರುವು ಮೊದಲೇ ತಿಳಿಯುತ್ತದೆ, ಹಿಂದೆ ಕೇಳಿದ ಮಾತನ್ನೇ ಹೊಸ ಪಾತ್ರವು ಆಡುತ್ತದೆ ಎಂಬ ಗೊಣಗಾಟ ಹುಟ್ಟುವುದು ಸಹಜ. ಆದರೆ ಆ ಮೂರರಲ್ಲಿ ಎರಡನ್ನು ಬರೆಯದಿದ್ದರೆ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆಯನ್ನು ಗೊಣಗುವ ಓದುಗರು ಕೇಳಿಕೊಳ್ಳುವುದಿಲ್ಲ. ಒಂದು ಪ್ರತಿಯನ್ನು ಕೊಂಡು ಹತ್ತು ಮನೆಯವರು ಓದುವ ನಾಡಿನಲ್ಲಿ ಲೇಖಕರು ಅವಸರ ಮಾಡಿದರೆಂದು ದೂರುವ ಮುನ್ನ ನಮ್ಮ ಸಂದೂಕವನ್ನೂ ಒಮ್ಮೆ ನೋಡಿಕೊಳ್ಳಬೇಕು. ನಮ್ಮ ಮನೆಯದೂ ಇದರಿಂದ ಹೊರತಲ್ಲ. ಅತ್ತಿಗೆಯವರ ಪುಸ್ತಕಗಳು ಬೀದಿಯನ್ನೆಲ್ಲ ಸುತ್ತಿ ಬಂದವುಗಳೇ.

ತ್ರಿವೇಣಿಯವರ ವಿಷಯದಲ್ಲಿ ಒದಗಿದುದು ಬೇರೊಂದು ಬಗೆ. 1963ರಲ್ಲಿ, ಮೂವತ್ತೈದು ವರ್ಷವೂ ತುಂಬುವ ಮೊದಲೇ ಅವರು ತೀರಿಕೊಂಡಾಗ ‘ಅವಳ ಮನೆ’ ಅರ್ಧದಲ್ಲಿ ನಿಂತಿತ್ತು, ಅದನ್ನು ಎಂ. ಸಿ. ಪದ್ಮಾ ಅವರು ಪೂರ್ಣಗೊಳಿಸಿದರು. ಅದನ್ನು ಓದುವಾಗ ಎರಡು ಕೈಗಳ ಬರಹ ಎಲ್ಲಿ ಕೂಡಿತೆಂದು ಹುಡುಕುವುದೇ ನನಗೊಂದು ಕೆಲಸವಾಯಿತು. ಅಲ್ಲಿ ಏನಾದರೂ ಕೊರತೆ ತೋರಿದರೂ ಯಾರನ್ನು ದೂರುವುದು?

ಇವೆಲ್ಲವನ್ನೂ ನಾನು ಅತ್ತಿಗೆಯವರಿಗೆ ಹೇಳಿ ನೋಡಿದೆನು. ಲೇಖಕರು ಮುಂದೆ ನಡೆದರೆ ನಾವು ಹಿಂದೆ ಬೀಳುತ್ತೇವೆ, ಅವಸರದಿಂದ ಬರೆದರೆ ಸಪ್ಪೆಯಾಗುತ್ತದೆ, ಸಹಿಸಿಕೊಳ್ಳಬೇಕು ಎಂದೆನು. ಅವರು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಇವರು ಮುಂದೆ ಹೋಗಿದ್ದರೆ ನಾನೂ ಏದುಸಿರು ಬಿಟ್ಟುಕೊಂಡು ಹಿಂದೆ ಹೋಗುತ್ತಿದ್ದೆ. ನನ್ನನ್ನು ಕರೆದುಕೊಂಡು ಬಂದು ನಡುದಾರಿಯಲ್ಲಿ ಬಿಟ್ಟು ತಾವು ಮನೆಗೆ ಹಿಂದಿರುಗಿಬಿಟ್ಟರಲ್ಲಾ!”

ನನ್ನಲ್ಲಿ ಉತ್ತರವಿರಲಿಲ್ಲ.

ಲೇಖಕರಿಗೆ ಮನಸ್ಸನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವಿದೆ, ಇದನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಜಿಲ್ಲೆಯವರೇ ಆದ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್. ಎಲ್. ಭೈರಪ್ಪನವರು ‘ಗೃಹಭಂಗ’ದ ನಂಜಮ್ಮನನ್ನು ಸೃಷ್ಟಿಸಿ ಸಾವಿರಾರು ಹೆಣ್ಣುಮಕ್ಕಳ ಗೌರವವನ್ನು ಪಡೆದರು; 2010ರಲ್ಲಿ ಅವರ ‘ಕವಲು’ ಬಂದಾಗ ಆ ಹೆಣ್ಣುಮಕ್ಕಳಲ್ಲಿಯೇ ಅನೇಕರು, ನಂಜಮ್ಮನನ್ನು ಕಂಡ ಕಣ್ಣಿಗೆ ಓದಿದ ಹೆಂಗಸರೆಲ್ಲ ಹೀಗೆ ಕಂಡರೆ ಎಂದು ನೊಂದುಕೊಂಡರು. ಇನ್ನು ಕೆಲವರು ಲೇಖಕರ ಪಕ್ಷವನ್ನೇ ವಹಿಸಿದರು. ಓದುಗರ ಇಷ್ಟಕ್ಕೆ ತಕ್ಕಂತೆ ಬರೆಯಿರೆಂದು ಯಾರೂ ಅವರಿಗೆ ಅಪ್ಪಣೆ ಮಾಡುವಂತಿರಲಿಲ್ಲ. ಮಾಡಿದ್ದರೂ ಅವರು ಕೇಳುವವರಲ್ಲ.

ಕೇಳಿದ ಲೇಖಕರೂ ಉಂಟು. ಇಂಗ್ಲೆಂಡಿನ ಡಿಕನ್ಸನು ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಕೊನೆಯಲ್ಲಿ ಪಿಪ್ ಮತ್ತು ಎಸ್ಟೆಲಾ ಇಬ್ಬರೂ ಬೇರೆಬೇರೆಯಾಗಿ ಹೋಗುವಂತೆ ಬರೆದಿದ್ದನು. ಬುಲ್ವರ್ ಲಿಟನ್ ಎಂಬ ಮಿತ್ರನ ಮಾತಿಗೆ ಒಪ್ಪಿ, 1861ರಲ್ಲಿ ಅಚ್ಚಾಗುವ ಮೊದಲು ಅದನ್ನು ಬದಲಾಯಿಸಿ, ಅವರು ಮತ್ತೆ ಕೂಡಬಹುದೆಂಬ ಆಸೆಗೆ ಎಡೆಗೊಟ್ಟನು. ಅವನು ತೀರಿಕೊಂಡ ಮೇಲೆ ಗೆಳೆಯ ಫಾರ್ಸ್ಟರನು ಮೊದಲಿನ ಮುಕ್ತಾಯವನ್ನೂ ಪ್ರಕಟಿಸಿದನು. ಅಂದಿನಿಂದ ಯಾವುದು ಸರಿಯೆಂಬ ವಾದ ನಿಂತಿಲ್ಲ. ಆದುದರಿಂದ ಲೇಖಕರು ಓದುಗರ ಮಾತನ್ನು ಕೇಳಿದರೆ ಎಲ್ಲವೂ ಸರಿಹೋಗುತ್ತದೆಂದು ನಾನು ವಾದಿಸಲಾರೆ. ಆದರೆ ಪುಸ್ತಕಕ್ಕೆ ಬೆಲೆಯನ್ನಲ್ಲದೆ ಬಾಳಿನ ಒಂದಂಶವನ್ನೂ ಕೊಟ್ಟವರಿಗೆ ಒಂದು ಮಾತು ಕೇಳುವ ಅಧಿಕಾರವಿಲ್ಲವೆಂದೂ ಹೇಳಲಾರೆ.

ಅತ್ತಿಗೆಯವರಿಗೂ ಹೀಗೆಯೇ ತೋರಿತೆಂದು ಕಾಣುತ್ತದೆ. ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅವರು ಶಾಲೆಯ ಟಿಪ್ಪಣಿ ಬರೆಯುವ ಮೇಜಿನ ಮುಂದೆ ಕುಳಿತು ಮಧ್ಯಾಹ್ನವೆಲ್ಲ ಬರೆದರು. ಆ ಲೇಖಕಿಗೆ, ಪ್ರಕಾಶಕರ ವಿಳಾಸಕ್ಕೆ, ನಾಲ್ಕು ಪುಟದ ಕಾಗದ. ನನಗೆ ಓದಲು ಕೊಟ್ಟರು. ಅದರಲ್ಲಿ ಬೈಗುಳವಿರಲಿಲ್ಲ. ತಾವು ಯಾವ ವರ್ಷ ಯಾವ ಪುಸ್ತಕವನ್ನು ಓದಿದರು, ಆಗ ಮಗನಿಗೆ ಎಷ್ಟು ವಯಸ್ಸು, ತರಬೇತಿಯ ಶುಲ್ಕಕ್ಕೆ ಬಳೆಯನ್ನು ಹೇಗೆ ಅಡವಿಟ್ಟರು, ಇಲ್ಲಿಯವರೆಗೆ ಎಷ್ಟು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು ಎಂಬುದನ್ನೆಲ್ಲ ಶಾಲೆಯ ಹಾಜರಿ ಪುಸ್ತಕದಂತೆ ಒಂದರ ಕೆಳಗೊಂದು ಬರೆದಿದ್ದರು. ಕೊನೆಯಲ್ಲಿ ಒಂದೇ ಪ್ರಶ್ನೆ: ನಿಮ್ಮ ನಾಯಿಕೆ ಪಶ್ಚಾತ್ತಾಪ ಪಟ್ಟಳು ಸರಿ, ಅವಳ ಕೈಯಲ್ಲಿ ಓದು ಕಲಿತ ಮಕ್ಕಳು ಏನೆಂದರು? ಅವರನ್ನು ನೀವು ಕಾದಂಬರಿಯೊಳಕ್ಕೆ ಕರೆಯಲೇ ಇಲ್ಲವಲ್ಲ.

ಕಾಗದವನ್ನು ಅಂಚೆಗೆ ಹಾಕಿ ನಾಲ್ಕು ತಿಂಗಳಾಯಿತು. ಉತ್ತರ ಬಂದಿಲ್ಲ. ಬರುವುದೆಂದು ಅವರೂ ಕಾದಂತೆ ಕಾಣುವುದಿಲ್ಲ.

ಹೋದ ವಾರ ಎದುರು ಮನೆಯ ಹುಡುಗಿ, ಈ ವರ್ಷ ಪಿ.ಯು.ಸಿ. ಪರೀಕ್ಷೆಗೆ ಕುಳಿತವಳು, ರಜಕ್ಕೆ ಓದಲು ಏನಾದರೂ ಕೊಡಿ ಅತ್ತೆ ಎಂದು ಬಂದಳು. ಗೂಡಿನಲ್ಲಿ ಹೊಸ ಪುಸ್ತಕವು ಮಿರಮಿರನೆ ಕಾಣುತ್ತಿತ್ತು. ಅವಳ ಕಣ್ಣು ಅದರ ಮೇಲೆಯೇ. ಅತ್ತಿಗೆಯವರು ಒಳಗೆ ಹೋಗಿ ಟ್ರಂಕನ್ನು ತೆರೆದು, ರಟ್ಟು ಬಿಚ್ಚಿಹೋಗಿ ತಾವೇ ದಾರದಿಂದ ಹೊಲಿದಿದ್ದ ಹಳೆಯ ಪುಸ್ತಕವನ್ನು ತಂದು ಅವಳ ಕೈಯಲ್ಲಿಟ್ಟರು. “ಮೊದಲು ಇದನ್ನು ಓದು. ಅದನ್ನು ಆಮೇಲೆ ಕೊಡುತ್ತೇನೆ. ಎರಡನ್ನೂ ಓದಿ ಬಂದು ನನಗೆ ಹೇಳು” ಎಂದರು.