ಗುಡ್ಡದ ಮನೆಗೆ ದಾರಿ ಕಡಿಯುವ ಮುನ್ನ

ಮಡಿಕೇರಿಯ ಆಸುಪಾಸಿನ ಬೆಟ್ಟದ ಮಗ್ಗುಲಲ್ಲಿ, ಮರಗಳಿಂದ ನಿಬಿಡವಾದ ಕಡಿದಾದ ನಿವೇಶನವೊಂದನ್ನು ಕೊಂಡವರು ಮನೆಯ ನಕ್ಷೆಯ ವಿಷಯದಲ್ಲಿ ತಿಂಗಳುಗಟ್ಟಲೆ ವಿಚಾರ ಮಾಡುವರು. ಆದರೆ ಕೆಳಗಿನ ರಸ್ತೆಯಿಂದ ಅಂಗಳದವರೆಗೆ ಕಾರು ಏರಿಬರಲು ಬೇಕಾದ ದಾರಿಯನ್ನು ಜೆಸಿಬಿಯ ಚಾಲಕನ ಒಂದೆರಡು ದಿನದ ಕೆಲಸವೆಂದು ಭಾವಿಸಿಬಿಡುವರು. ವಾಸ್ತವವಾಗಿ, ಗುಡ್ಡದ ಸ್ಥಿರತೆಗೆ ಮನೆಗಿಂತಲೂ ಹೆಚ್ಚಿನ ಆಘಾತವನ್ನುಂಟುಮಾಡಬಲ್ಲದ್ದು ಈ ದಾರಿಯೇ. ಆದುದರಿಂದ ಅದಕ್ಕೆ ಅನುಮತಿ ನೀಡುವುದು ಒಬ್ಬ ಮಾಲೀಕನ ಅನುಕೂಲದ ಪ್ರಶ್ನೆಯಲ್ಲ. ಮೇಲಿರುವವರ ನೆಲ, ಕೆಳಗಿರುವವರ ಪ್ರಾಣ ಇವೆರಡಕ್ಕೂ ಸಂಬಂಧಿಸಿದ ನಿರ್ಣಯ.

ಲೆಕ್ಕ ಸರಳವಾದುದು. ಎಂಟು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಇಳಿಜಾರಿನಲ್ಲಿ ದಾರಿ ಮಾಡುವುದಾದರೆ, ರಸ್ತೆಗಿಂತ 10 ಮೀಟರ್ ಎತ್ತರದಲ್ಲಿರುವ ಮನೆಗೆ 80 ಮೀಟರ್ ಉದ್ದದ ದಾರಿ ಬೇಕು. 30 ಡಿಗ್ರಿ ಓರೆಯಿರುವ ಗುಡ್ಡದಲ್ಲಿ 3 ಮೀಟರ್ ಅಗಲವನ್ನು ಅಡ್ಡಲಾಗಿ ಕಡಿದರೆ ಒಳಬದಿಯಲ್ಲಿ ಸುಮಾರು 1.7 ಮೀಟರ್ ಎತ್ತರದ ಬರೆ ನೇರವಾಗಿ ನಿಲ್ಲುತ್ತದೆ. ಚರಂಡಿಗೂ ತಿರುವಿಗೂ ಸ್ಥಳ ಬಿಟ್ಟರೆ ಅದು ಇನ್ನೂ ಎತ್ತರವಾಗುತ್ತದೆ. ಇಷ್ಟುದ್ದಕ್ಕೆ ಹೊರಬೀಳುವ ಮಣ್ಣು 200 ಘನಮೀಟರಿಗೂ ಮಿಗಿಲು. ಅದನ್ನು ಲಾರಿಯಲ್ಲಿ ಸಾಗಿಸುವ ವೆಚ್ಚಕ್ಕೆ ಹಿಂಜರಿದು ಕೆಳಗಿನ ಇಳಿಜಾರಿಗೆ ನೂಕಿದರೆ, ಮೇಲ್ಭಾಗದ ನೆಲ ತನ್ನ ಬುಡದ ಆಧಾರವನ್ನು ಕಳೆದುಕೊಳ್ಳುವುದರ ಜೊತೆಗೆ ಕೆಳಭಾಗದ ನೆಲ ಸಡಿಲಮಣ್ಣಿನ ಹೊಸ ಭಾರವನ್ನು ಹೊರಬೇಕಾಗುತ್ತದೆ.

ಇದರ ಮೇಲೆ ಮಳೆಯೂ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಅಧಿಕ ವೃಷ್ಟಿಯನ್ನು ಕಾಣುವ ಮಡಿಕೇರಿಯಂಥ ಪ್ರದೇಶದಲ್ಲಿ, ಮರದ ಬೇರುಗಳು ಮಣ್ಣನ್ನು ಹಿಡಿದಿಟ್ಟು, ನೆಲದ ತರಗೆಲೆ ನೀರಿನ ವೇಗವನ್ನು ತಗ್ಗಿಸಿ ನಡೆಸುತ್ತಿದ್ದ ವ್ಯವಸ್ಥೆಯನ್ನು ದಾರಿ ಅಡ್ಡವಾಗಿ ಕತ್ತರಿಸುತ್ತದೆ. ಇಡೀ ಇಳಿಜಾರಿನಲ್ಲಿ ಹರಡಿ ಹರಿಯುತ್ತಿದ್ದ ನೀರು ಒಂದೆಡೆ ಸೇರಿ ಕೊರೆಯತೊಡಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆಗಳಲ್ಲಿ ಗುಡ್ಡಗಳು ಜರಿದಾಗ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರು ಅತಿವೃಷ್ಟಿಯೊಡನೆ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದುದನ್ನೂ ಕಾರಣವಾಗಿ ಎತ್ತಿ ತೋರಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದದ್ದೂ ಹೆದ್ದಾರಿಗಾಗಿ ಕಡಿದ ಗುಡ್ಡವೇ. ಮನೆಯ ದಾರಿ ಗಾತ್ರದಲ್ಲಿ ಅಲ್ಪವಾದರೂ ಅದಕ್ಕೆ ಅನ್ವಯಿಸುವ ನಿಯಮ ಬೇರೆಯಲ್ಲ.

ಒಂದು ನೆಲಕ್ಕೆ ಪಕ್ಕದ ನೆಲವೇ ಆಧಾರವೆಂಬ ಸತ್ಯವನ್ನು ಕಾನೂನೂ ಬಹುಕಾಲದಿಂದ ಅಂಗೀಕರಿಸಿದೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಪ್ರತಿಯೊಬ್ಬ ಭೂಮಾಲೀಕನ ನೆಲಕ್ಕೂ ಪಕ್ಕದವನ ಮಣ್ಣು ಸಹಜವಾಗಿ ನೀಡುವ ಆಧಾರವನ್ನು ಪಡೆಯುವ ಹಕ್ಕುಂಟು. ಹಾಗಾಗಿ, ನಮ್ಮ ಗಡಿಯೊಳಗೇ ಕಡಿದೆವೆಂಬ ಮಾತ್ರಕ್ಕೆ ಮೇಲಿನವನ ನೆಲ ಜಾರಿದ ಹೊಣೆ ನಮ್ಮನ್ನು ಬಿಡುವುದಿಲ್ಲ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳ ಹೊರತು, ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಕೃಷಿಭೂಮಿಯಾದರೆ ಭೂಪರಿವರ್ತನೆ ಬೇರೆ. ಆದರೆ ಒಂದೊಂದು ಕಚೇರಿ ತನ್ನ ಪಾಲಿನ ಕಾಗದವನ್ನಷ್ಟೇ ನೋಡಿ ಮುದ್ರೆಯೊತ್ತಿದರೆ, ಸಮಗ್ರವಾಗಿ ಗುಡ್ಡವನ್ನು ನೋಡಿದವರು ಯಾರೂ ಇರುವುದಿಲ್ಲ.

ಅನುಮತಿ ಕೊಡುವವರು ಸ್ಥಳಕ್ಕೆ ಹೋಗಿ ಕೇಳತಕ್ಕ ಪ್ರಶ್ನೆಗಳು ಅನೇಕವಿಲ್ಲ. ಬರೆಯ ಮೇಲಿನಿಂದ ಬರುವ ನೀರನ್ನು ತಡೆದು ಪಕ್ಕಕ್ಕೆ ತಿರುಗಿಸುವ ಕಾಲುವೆ ಎಲ್ಲಿದೆ, ಅದು ಯಾವ ಹಳ್ಳವನ್ನು ಸೇರುತ್ತದೆ? ತಡೆಗೋಡೆಯ ಹಿಂದೆ ನಿಲ್ಲುವ ನೀರು ಹೊರಬರಲು ಕಂಡಿಗಳನ್ನು ಬಿಟ್ಟಿದೆಯೆ? ದಾರಿ ಸಾರ್ವಜನಿಕ ರಸ್ತೆಯನ್ನು ಕೂಡುವಲ್ಲಿ ಚರಂಡಿಯನ್ನು ಮುಚ್ಚದೆ ಮೋರಿ ಹಾಕಿದೆಯೆ; ತಿರುವಿನಿಂದ ಬರುವ ವಾಹನ ಸಾಕಷ್ಟು ದೂರದಿಂದ ಕಾಣುವುದೆ? ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ಯಾವ ಮರಗಳನ್ನು ಉಳಿಸಿ ದಾರಿಯನ್ನು ಬಳಸಿ ಒಯ್ಯಬಹುದು? ಕೆಲಸ ಮುಂಗಾರಿಗೆ ಮುನ್ನ ಮುಗಿದು ಬರೆಯ ಮೇಲೆ ಹುಲ್ಲು ಹಿಡಿಯುವುದೆ? ಇವಕ್ಕೆಲ್ಲ ನಕ್ಷೆಯಲ್ಲಿ ಸ್ಪಷ್ಟವಾದ ಉತ್ತರವಿದ್ದರೆ ಒಪ್ಪಿಗೆ ಕೊಡಲು ಅಡ್ಡಿಯಿಲ್ಲ.

ಉತ್ತರವಿಲ್ಲದ ಕಡೆ ನಿರಾಕರಿಸುವುದೇ ಧರ್ಮ. ಕಾರನ್ನು ರಸ್ತೆಯ ಬದಿಯ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಕಲ್ಲಿನ ಮೆಟ್ಟಿಲುಗಳಿಂದ ಮನೆಗೆ ಏರುವುದು ಅಷ್ಟೇನೂ ದೊಡ್ಡ ತ್ಯಾಗವಲ್ಲ. ವೃದ್ಧರೂ ರೋಗಿಗಳೂ ಇರುವ ಮನೆಯವರು, ನಿವೇಶನವನ್ನು ಕೊಳ್ಳುವ ಮೊದಲೇ ಈ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳುವುದು ಉಚಿತ. ಬೆಟ್ಟದಲ್ಲಿ ಮನೆ ಕಟ್ಟಬಯಸುವ ಪ್ರತಿಯೊಬ್ಬರೂ ಮುಂಗಡ ಹಣ ಕೊಡುವ ಮುನ್ನ, ಭೂವಿಜ್ಞಾನಿಯೊಬ್ಬರನ್ನು ಕರೆದೊಯ್ದು, ಒಂದು ಮಳೆಗಾಲದಲ್ಲಿ ಆ ನೆಲದ ಮೇಲೆ ನೀರು ಹರಿಯುವ ಬಗೆಯನ್ನು ಕಣ್ಣಾರೆ ನೋಡಲಿ.